ಕಂತಿನಲ್ಲಿ ಸಿಗುವ ಫ್ಲ್ಯಾಗ್‌ಶಿಪ್ ಫೋನೋ, ಪೂರ್ತಿ ಹಣ ಕೊಟ್ಟು ಕೊಳ್ಳುವ ಅನ್‌ಲಾಕ್ಡ್ ಫೋನೋ?

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ಹಾಸನದವನು

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಹಾಸನದಿಂದ ಅಮೆರಿಕದ ಡಲ್ಲಾಸ್‌ಗೆ ಬಂದು ಎಂಟು ತಿಂಗಳಾಯಿತು. ಊರಿನಿಂದ ತಂದಿದ್ದ ಫೋನು ಕಳೆದ ವಾರ ಪಾತ್ರೆ ತೊಳೆಯುವಾಗ ಸಿಂಕಿಗೆ ಬಿದ್ದು ಕೆಟ್ಟುಹೋದ್ದರಿಂದ ಹೊಸದನ್ನು ಕೊಳ್ಳಲೇಬೇಕಾಗಿದೆ. ಮೊಬೈಲ್ ಕಂಪನಿಯೊಂದರ ಅಂಗಡಿಗೆ ಹೋದೆ. ಅಲ್ಲಿದ್ದವರು ಸಾವಿರ ಡಾಲರ್ ಬೆಲೆಯ ಫ್ಲ್ಯಾಗ್‌ಶಿಪ್ ಫೋನೊಂದನ್ನು, ಅಂದರೆ ತಯಾರಕರ ಅತ್ಯುನ್ನತ ಮಾದರಿಯನ್ನು, ಕೈಗಿಟ್ಟು, ಇದಕ್ಕೆ ನೀವು ಏನನ್ನೂ ಕೊಡಬೇಕಾಗಿಲ್ಲ ಎಂದರು. ಕುಳಿತು ವಿವರ ಕೇಳಿದ ಮೇಲೆ ತಿಳಿದದ್ದೇನೆಂದರೆ, ಫೋನಿನ ಬೆಲೆಯನ್ನು 36 ಕಂತುಗಳಾಗಿ ಹಂಚಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ಒಂದು ಸಾಲಿನಲ್ಲಿ ಆ ಕಂತನ್ನು ಸೇರಿಸಿ ಅದರ ಕೆಳಗಿನ ಸಾಲಿನಲ್ಲಿ ಅಷ್ಟನ್ನೇ ರಿಯಾಯಿತಿಯಾಗಿ ಕಳೆಯುತ್ತಾರೆ; ಇದಕ್ಕೆ ಪ್ರತಿಯಾಗಿ ನಾನು ಮೂರು ವರ್ಷವೂ ತಿಂಗಳಿಗೆ 85 ಡಾಲರಿನ ಪ್ಲ್ಯಾನಿನಲ್ಲೇ ಇರಬೇಕು. ಫೋನಿನ ಪೂರ್ಣ ಬೆಲೆಯ ಮೇಲೆ ಶೇ 8.25ರ ಮಾರಾಟ ತೆರಿಗೆಯನ್ನು ಮಾತ್ರ ಮೊದಲ ದಿನವೇ ಕಟ್ಟಬೇಕು. ಸದ್ಯ ನಾನು ಇರುವುದು 25 ಡಾಲರಿನ ಪ್ರೀಪೇಯ್ಡ್ ಪ್ಲ್ಯಾನಿನಲ್ಲಿ, ಮತ್ತು ಅದರಿಂದ ನನಗೆ ಯಾವ ಕೊರತೆಯೂ ಆಗಿಲ್ಲ.

ಕಚೇರಿಯ ಗೆಳೆಯರೊಬ್ಬರು, ಅದರ ಗೋಜಿಗೆ ಹೋಗಬೇಡ, ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವ, ಐನೂರು ಡಾಲರ್ ಒಳಗಿನ ಅನ್‌ಲಾಕ್ಡ್ ಫೋನೊಂದನ್ನು ಕೊಂಡುಬಿಡು ಎನ್ನುತ್ತಿದ್ದಾರೆ. ಆದರೆ ಸಾವಿರ ಡಾಲರಿನ ವಸ್ತು ಪುಕ್ಕಟೆಯಾಗಿ ಸಿಗುತ್ತಿರುವಾಗ ಅದರ ಅರ್ಧ ಬೆಲೆಯದಕ್ಕೆ ಜೇಬಿನಿಂದ ಹಣ ಕೊಡುವುದು ಜಾಣತನವೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಇನ್ನೊಂದು ವಿಷಯವನ್ನೂ ಕೇಳಿಬಿಡುತ್ತೇನೆ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಅಮ್ಮನಿಗೂ ಇಲ್ಲಿಂದಲೇ ಒಂದು ಫೋನು ಒಯ್ಯಬೇಕೆಂದುಕೊಂಡಿದ್ದೇನೆ; ಅದು ಸರಿಯಾದ ಯೋಚನೆಯೇ?

ಉತ್ತರ 1: ಸ್ಯಾನ್ ಹೋಸೆಯ ಟೆಲಿಕಾಂ ಎಂಜಿನಿಯರ್

'ಉಚಿತ' ಎಂಬ ಮಾತನ್ನು ಬದಿಗಿಟ್ಟು, ಮೂರು ವರ್ಷದಲ್ಲಿ ನಿಮ್ಮ ಖಾತೆಯಿಂದ ಹೊರಹೋಗುವ ಹಣವನ್ನು ಮಾತ್ರ ಕೂಡಿಸಿ. 85 ಡಾಲರಿನಂತೆ 36 ತಿಂಗಳಿಗೆ 3,060 ಡಾಲರ್, ತೆರಿಗೆ ಸೇರಿದರೆ ಸುಮಾರು 3,142. ಇನ್ನೊಂದು ಕಡೆ, 2025ರಲ್ಲಿ ಬಂದ ಗೂಗಲ್ ಪಿಕ್ಸೆಲ್ 9ಎ ಬಿಡುಗಡೆಯಾದಾಗ 499 ಡಾಲರ್ ಇತ್ತು. ತೆರಿಗೆ ಸೇರಿ 540. ಅದಕ್ಕೆ 25 ಡಾಲರಿನ ಪ್ಲ್ಯಾನಿನ ಮೂರು ವರ್ಷದ 900 ಡಾಲರ್ ಸೇರಿಸಿದರೆ 1,440. ವ್ಯತ್ಯಾಸ ಸುಮಾರು 1,700 ಡಾಲರ್. ನೀವು ಪುಕ್ಕಟೆ ಎಂದು ಭಾವಿಸಿರುವ ಫೋನನ್ನು ಪೂರ್ತಿ ಬೆಲೆ ಕೊಟ್ಟು ಕೊಂಡರೂ ಇದಕ್ಕಿಂತ ಅಗ್ಗವಾಗುತ್ತದೆ. ಅಂದರೆ ಅವರು ಮಾರುತ್ತಿರುವುದು ಪ್ಲ್ಯಾನನ್ನು. ಫೋನು ಗಾಳದ ತುದಿಗೆ ಸಿಕ್ಕಿಸಿದ ಎರೆಹುಳು.

ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿ. ಸಾವಿರ ಡಾಲರಿನ 36ನೇ ಒಂದು ಭಾಗ 27.78. ಹದಿನಾಲ್ಕನೆಯ ತಿಂಗಳಿಗೆ ನೀವು ಬೇರೆ ಕಂಪನಿಗೆ ಹೋಗಬಯಸಿದರೆ, ಅಥವಾ ನಮ್ಮಂಥವರ ಬದುಕಿನಲ್ಲಿ ಅಸಂಭವವೇನೂ ಅಲ್ಲದಂತೆ ವೀಸಾ ತೊಡಕಾಗಿ ಊರಿಗೆ ಮರಳಬೇಕಾದರೆ, ರಿಯಾಯಿತಿ ಅಲ್ಲಿಗೆ ನಿಂತು ಉಳಿದ 22 ಕಂತುಗಳ 611 ಡಾಲರ್ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಹಣಕ್ಕಿಂತ ದೊಡ್ಡ ತೊಡಕು ಬೀಗದ್ದು. ಕಂತಿನ ಫೋನು ಸಾಮಾನ್ಯವಾಗಿ ಬಾಕಿ ತೀರುವ ತನಕ ಆ ಕಂಪನಿಯ ಜಾಲಕ್ಕೆ ಕಟ್ಟಿಹಾಕಿದ ಫೋನು. ಬೇರೆಯವರ ಸಿಮ್ ಹಾಕಿದರೆ, ಅದು ಇಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಆದರೂ, ಒಪ್ಪುವುದಿಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಆದರೆ ನಿಮ್ಮ ಹಾಸನದ ಬ್ಯಾಂಕ್ ಖಾತೆಯ ಒಟಿಪಿ ಯಾವ ನಂಬರಿಗೆ ಬರುತ್ತದೆ? ಭಾರತದ ಸಿಮ್ಮಿಗೆ. ಅನ್‌ಲಾಕ್ಡ್ ಫೋನಿನಲ್ಲಿ ಇಲ್ಲಿನ ನಂಬರು ಒಂದರಲ್ಲಿ, ಊರಿನ ನಂಬರು ಇನ್ನೊಂದರಲ್ಲಿ ಇರುತ್ತದೆ. ಬೀಗವಿರುವ ಫೋನು ಕೊಂಡವರು ಒಟಿಪಿಗೆಂದೇ ಹಳೆಯ ಫೋನೊಂದನ್ನು ಮೇಜಿನ ಡ್ರಾಯರಿನಲ್ಲಿ ಚಾರ್ಜು ಮಾಡಿಟ್ಟುಕೊಂಡಿರುತ್ತಾರೆ. ನನ್ನ ಪರಿಚಯದ ಕನ್ನಡಿಗರ ಮನೆಗಳಲ್ಲಿ ಇಂತಹ 'ಒಟಿಪಿ ಫೋನು' ಇಲ್ಲದ ಮನೆ ಕಡಿಮೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದು ಸ್ಥಳೀಯ ಸಿಮ್ ಹಾಕಿದಾಗ 'ಸಿಮ್ ನಾಟ್ ಸಪೋರ್ಟೆಡ್' ಎಂಬ ಸಾಲನ್ನು ಓದುವವರೂ ಇವರೇ.

ಈ ಬೀಗಕ್ಕೆ ಇಲ್ಲಿ ಒಂದು ಇತಿಹಾಸವೂ ಇದೆ. ಕೃತಿಸ್ವಾಮ್ಯ ಕಾನೂನಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕೊಟ್ಟಿದ್ದ ವಿನಾಯಿತಿ ಮುಗಿದ ಕಾರಣ, 2013ರ ಜನವರಿ 26ರ ನಂತರ ಕೊಂಡ ಫೋನನ್ನು ಕಂಪನಿಯ ಅನುಮತಿಯಿಲ್ಲದೆ ಅನ್‌ಲಾಕ್ ಮಾಡುವುದೇ ಕಾನೂನುಬಾಹಿರವಾಗಿತ್ತು. ಹಣ ಕೊಟ್ಟು ಕೊಂಡ ವಸ್ತುವಿನ ಬೀಗ ತೆಗೆಯುವುದು ಪುಸ್ತಕವನ್ನು ಕದ್ದು ಅಚ್ಚು ಹಾಕುವುದಕ್ಕೆ ಸಮ ಎಂಬ ಈ ವಿಚಿತ್ರ ತರ್ಕದ ವಿರುದ್ಧ ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಒಬಾಮ ಸಹಿ ಹಾಕಿದ ಕಾಯಿದೆಯಿಂದ ಅದು ಮತ್ತೆ ನ್ಯಾಯಬದ್ಧವಾಯಿತು. ಆದರೂ ಬೀಗ ಹಾಕಿ ಮಾರುವ ಪದ್ಧತಿ ನಿಲ್ಲಲಿಲ್ಲ.

ಅಗ್ಗದ ಅನ್‌ಲಾಕ್ಡ್ ಫೋನೆಂದರೆ ಹಿಂದೆ ಜನ ಮೂಗು ಮುರಿಯುತ್ತಿದ್ದರು, ಕಾರಣವೂ ಇತ್ತು. ಆ ಅಭಿಪ್ರಾಯ ಬದಲಾಗಲು ತೊಡಗಿದ್ದು 2012ರ ಕೊನೆಯಲ್ಲಿ 299 ಡಾಲರಿಗೆ ಬಂದ ನೆಕ್ಸಸ್ 4ರಿಂದ, ಅದಕ್ಕಿಂತ ಹೆಚ್ಚಾಗಿ 2013ರ ನವೆಂಬರಿನಲ್ಲಿ 179 ಡಾಲರಿಗೆ ಬಂದ ಮೋಟೋ ಜಿಯಿಂದ. ಆಗಿನ ಹೊಸ ಐಫೋನು ಅನ್‌ಲಾಕ್ ಆಗಿ ಬೇಕೆಂದರೆ 649 ಡಾಲರ್ ಕೊಡಬೇಕಿತ್ತು. ಇಂದು ಪಿಕ್ಸೆಲ್ 9ಎ ಒಳಗಿರುವುದು ಅದರ ಎರಡು ಪಟ್ಟು ಬೆಲೆಯ 9 ಪ್ರೋದಲ್ಲಿರುವ ಟೆನ್ಸರ್ ಜಿ4 ಚಿಪ್ಪೇ, ಮತ್ತು ಎರಡಕ್ಕೂ ಏಳು ವರ್ಷದ ಅಪ್‌ಡೇಟುಗಳ ಭರವಸೆಯಿದೆ. ನನ್ನ ಮಟ್ಟಿಗೆ ಫೋನಿನ ಮೌಲ್ಯವನ್ನು ಅಳೆಯಬೇಕಾದದ್ದು ಈ ವರ್ಷಗಳಿಂದ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಬಿಡುಗಡೆಯಾದಾಗ ಇನ್ನೂರು ಡಾಲರಿನ ಫೋನು. ಅದಕ್ಕೂ ಆರು ವರ್ಷ ಭದ್ರತಾ ಅಪ್‌ಡೇಟು ಕೊಡುವುದಾಗಿ ಕಂಪನಿ ಹೇಳಿದೆ. ಐದು ವರ್ಷದ ಹಿಂದೆ ಈ ಬೆಲೆಯಲ್ಲಿ ಇದನ್ನು ಯಾರೂ ನಿರೀಕ್ಷಿಸುವಂತಿರಲಿಲ್ಲ.

ಉತ್ತರ 2: ಉಡುಪಿಯ ಛಾಯಾಗ್ರಾಹಕ

ಮೇಲಿನವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಫ್ಲ್ಯಾಗ್‌ಶಿಪ್ಪಿಗೆ ಕೊಡುವ ಹಣವೆಲ್ಲ ಪ್ರತಿಷ್ಠೆಗೆ ಕೊಟ್ಟದ್ದು ಎಂಬ ಧ್ವನಿ ಅದರಲ್ಲಿ ಕೇಳಿಸುವುದರಿಂದ ಎರಡು ಮಾತು ಬರೆಯುತ್ತಿದ್ದೇನೆ.

ನಾನು ರಾತ್ರಿಯಿಡೀ ನಡೆಯುವ ಯಕ್ಷಗಾನದ ಬಯಲಾಟಗಳನ್ನು ಚಿತ್ರೀಕರಿಸುತ್ತೇನೆ. ಒಮ್ಮೆ ದೊಡ್ಡ ಕ್ಯಾಮೆರಾ ಕೈಕೊಟ್ಟಾಗ ಜೇಬಿನಲ್ಲಿದ್ದ ಹದಿನೆಂಟು ಸಾವಿರ ರೂಪಾಯಿಯ ಫೋನಿನಲ್ಲಿ ಆಟವನ್ನು ತೆಗೆದೆ. ವೇಷಧಾರಿ ನಿಂತು ಅರ್ಥ ಹೇಳುತ್ತಿರುವಷ್ಟು ಹೊತ್ತು ಚಿತ್ರ ಚೆನ್ನಾಗಿಯೇ ಇತ್ತು. ಚೆಂಡೆ ಏರಿ ಅವನು ಧಿಗಿಣ ಹಾಕಲು ತೊಡಗಿದೊಡನೆ ಕಿರೀಟ, ಎದೆಕಟ್ಟು, ಸೊಂಟದ ಪಟ್ಟಿ ಎಲ್ಲವೂ ಸೇರಿ ಕೆಂಪು ಹಳದಿಯ ಒಂದು ಮುದ್ದೆಯಾಯಿತು. ಮುಖವರ್ಣಿಕೆಯ ಸಣ್ಣ ಗೆರೆಗಳಂತೂ ಅರಸಿದರೂ ಸಿಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದವರ ಫ್ಲ್ಯಾಗ್‌ಶಿಪ್ ಫೋನಿನಲ್ಲಿ ಅದೇ ಸುತ್ತಿನ ಚಿತ್ರ ನೋಡಿದೆ. ಕಣ್ಣಿನ ಕೆಳಗಿನ ಬಿಳಿ ಚುಕ್ಕೆಗಳನ್ನು ಎಣಿಸಬಹುದಿತ್ತು.

ಇದರ ಕಾರಣ ಮೆಗಾಪಿಕ್ಸೆಲ್ ಅಲ್ಲ. ಎರಡರ ಪೆಟ್ಟಿಗೆಯ ಮೇಲೂ 50 ಎಂದೇ ಬರೆದಿತ್ತು. ದುಬಾರಿ ಫೋನುಗಳಲ್ಲಿ ಬೆಳಕನ್ನು ಹಿಡಿಯುವ ಮುಖ್ಯ ಸೆನ್ಸರು ಸುಮಾರು 1/1.3 ಇಂಚಿನ ವರ್ಗದ್ದು, ಅಗ್ಗದ ಅನೇಕ ಫೋನುಗಳದು 1/2.76 ಇಂಚಿನ ವರ್ಗದ್ದು. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಿನ ಅಂತರ. ಬೆಳಕು ಕಡಿಮೆಯಿರುವಲ್ಲಿ ಸಣ್ಣ ಸೆನ್ಸರು ಷಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ, ಅಷ್ಟರಲ್ಲಿ ವೇಷಧಾರಿ ಅರ್ಧ ಸುತ್ತು ತಿರುಗಿರುತ್ತಾನೆ. ಹಗಲಿನಲ್ಲಿ, ನಿಂತವರ ಚಿತ್ರ ತೆಗೆಯುವುದಾದರೆ ಈ ಅಂತರ ವಾಟ್ಸ್‌ಆ್ಯಪ್‌ನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ಮಗುವಿದ್ದರೆ, ಅಥವಾ ರಾತ್ರಿಯ ಹಾಡು ಕುಣಿತಗಳ ಹುಚ್ಚಿದ್ದರೆ, ಕಳೆದ ವರ್ಷದ ಫ್ಲ್ಯಾಗ್‌ಶಿಪ್ಪನ್ನು ಅನ್‌ಲಾಕ್ ಆಗಿರುವುದೆಂದು ಖಚಿತಪಡಿಸಿಕೊಂಡು ಕೊಳ್ಳಲಿ. ಹೊಸ ಮಾದರಿ ಬಂದ ತಿಂಗಳಿನಲ್ಲಿ ಹಳೆಯದರ ಬೆಲೆ ಇಳಿಯುವಷ್ಟು ಅದರ ಸೆನ್ಸರು ಇಳಿದಿರುವುದಿಲ್ಲ.

ಉತ್ತರ 3: ನ್ಯೂಜೆರ್ಸಿಯ ಗೃಹಿಣಿ, ನಾಲ್ಕು ನಂಬರುಗಳ ಮನೆ

ಮೊದಲ ಉತ್ತರದಲ್ಲಿ ಒಂಟಿ ನಂಬರಿನ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಿದಂತಿದೆ. ದೊಡ್ಡ ಕಂಪನಿಗಳ ಪ್ಲ್ಯಾನುಗಳಲ್ಲಿ ನಂಬರು ಹೆಚ್ಚಿದಷ್ಟೂ ತಲಾ ವೆಚ್ಚ ಇಳಿಯುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ನಂಬರು. ತಲಾ ವೆಚ್ಚ ಅಂಗಡಿಯವರು ಇವರಿಗೆ ಹೇಳಿದ್ದರ ಅರ್ಧದಷ್ಟು ಮಾತ್ರ. ಮಕ್ಕಳ ಹಳೆಯ ಫೋನುಗಳನ್ನು ವಿನಿಮಯಕ್ಕೆ ಕೊಟ್ಟಾಗ ಮಾರುಕಟ್ಟೆಯಲ್ಲಿ ನೂರು ಡಾಲರೂ ಹುಟ್ಟದ ಫೋನಿಗೆ ಎಂಟುನೂರರ ರಿಯಾಯಿತಿ ಸಿಕ್ಕಿತು. ನಾವು ಆರು ವರ್ಷದಿಂದ ಕಂಪನಿ ಬದಲಿಸಿಲ್ಲ, ಬದಲಿಸುವ ಉದ್ದೇಶವೂ ಇಲ್ಲ. ಇಂತಹ ಮನೆಗೆ ಕಂತಿನ ಫೋನು ನಷ್ಟವೆಂದು ಹೇಳಲಾಗದು. ಅಂದಹಾಗೆ, ಮೇಲೆ ಹೇಳಿದ ಒಟಿಪಿ ಫೋನು ನಮ್ಮ ಮನೆಯ ಡ್ರಾಯರಿನಲ್ಲೂ ಇದೆ. ಅದನ್ನು ಅಲ್ಲಗಳೆಯಲಾರೆ.

ಉತ್ತರ 4: ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಮಾಡುವವನು

ನನ್ನದು ಬಿ.ಎಚ್. ರಸ್ತೆಯ ಬಳಿ ಸಣ್ಣ ರಿಪೇರಿ ಅಂಗಡಿ. ಹದಿನಾಲ್ಕು ವರ್ಷದಿಂದ ಫೋನು ಬಿಚ್ಚುತ್ತಿದ್ದೇನೆ. ಭಾರತದಲ್ಲಿ ಮಾರಾಟವಾಗುವ ಫೋನುಗಳು ಸಾಮಾನ್ಯವಾಗಿ ಬೀಗವಿಲ್ಲದವೇ ಆದ್ದರಿಂದ ನಿಮ್ಮ ಅಮೆರಿಕದ ಬೀಗದ ಕಷ್ಟ ನಮಗಿಲ್ಲ. ಆದರೆ ಅಗ್ಗದ ಫೋನು ಯಾವಾಗ ನಿಜಕ್ಕೂ ಅಗ್ಗ ಎಂಬುದನ್ನು ಅಂಗಡಿಯ ಮೇಜಿನಿಂದ ನೋಡಿದವನಾಗಿ ಹೇಳಬಲ್ಲೆ.

ಕಳೆದ ತಿಂಗಳು ಅಡಿಕೆ ಮಂಡಿಯಿಂದ ಹಿರಿಯರೊಬ್ಬರು ನೇರವಾಗಿ ಬಂದು, ಎರಡೇ ವರ್ಷದ ಫೋನು, ಗ್ಯಾಲರಿ ಒತ್ತಿದರೆ ಬೀಡಿ ಹಚ್ಚಿ ಮುಗಿಸುವ ಹೊತ್ತಿಗೆ ತೆರೆದುಕೊಳ್ಳುತ್ತದೆ ಎಂದರು. 64 ಜಿಬಿ ಸ್ಟೋರೇಜಿನಲ್ಲಿ ಉಳಿದಿದ್ದದ್ದು 900 ಎಂಬಿ. ತುಂಬಿಕೊಂಡಿದ್ದರಲ್ಲಿ ಬಹುಪಾಲು ವಾಟ್ಸ್‌ಆ್ಯಪ್‌ನ ಶುಭೋದಯದ ಚಿತ್ರಗಳು ಮತ್ತು ಸಂಬಂಧಿಕರ ಮದುವೆಯ ವಿಡಿಯೋಗಳು. ಇಂತಹ ಫೋನು ತೆವಳುವುದಕ್ಕೆ ಪ್ರೊಸೆಸರ್ ಕಾರಣವೆಂದು ಜನ ತಿಳಿಯುತ್ತಾರೆ, ಆದರೆ ಸಾಮಾನ್ಯವಾಗಿ ಸೋತಿರುವುದು ಸ್ಟೋರೇಜು. ಅಗ್ಗದ ಮಾದರಿಗಳಲ್ಲಿ ಇಎಂಎಂಸಿ ಎಂಬ ಹಳೆಯ ಬಗೆಯದನ್ನು ಹಾಕುತ್ತಾರೆ; ಅದು ಸೆಕೆಂಡಿಗೆ 300 ಎಂಬಿ ಓದಿದರೆ ಹೆಚ್ಚು. ಯುಎಫ್‌ಎಸ್ 2.2 ಎಂಬ ಹೊಸ ಬಗೆಯದಾದರೆ ಅದರ ಮೂರು ಪಟ್ಟು ಓದುತ್ತದೆ. ಅದರ ಮೇಲೆ ಜಾಗ ತುಂಬಿಬಿಟ್ಟರೆ, ಹೊಸದಾಗಿ ಏನಾದರೂ ಬರೆಯಬೇಕಾದಾಗಲೆಲ್ಲ ಹಳೆಯದನ್ನು ಸರಿಸಿ ಅಳಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ, ಸಂತೆ ದಿನದ ಬಸ್ಸಿನಲ್ಲಿ ಮೂಟೆ ಇಳಿಸಿದಂತೆ. ಆದ್ದರಿಂದ ಗಿರಾಕಿಗಳಿಗೆ ನಾನು ಹೇಳುವುದಿಷ್ಟೇ: ಕ್ಯಾಮೆರಾ ನಾಲ್ಕಿದೆಯೋ ಮೂರಿದೆಯೋ ಎಣಿಸಬೇಡಿ, 128 ಜಿಬಿ ಯುಎಫ್‌ಎಸ್ ಇದೆಯೇ ಎಂದು ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಅಲ್ಲಿಂದ ಎದ್ದುಬನ್ನಿ.

ಬಿಡಿಭಾಗದ ಮಾತು ಯಾರೂ ಆಡುವುದಿಲ್ಲ. ದುಬಾರಿ ಫೋನಿನ ಅಂಚು ಬಾಗಿದ ಡಿಸ್‌ಪ್ಲೇ ಒಡೆದರೆ ಅದರ ಬದಲಿಗೆ ಕೇಳುವ ಹಣಕ್ಕೆ ಒಳ್ಳೆಯ ಮಧ್ಯಮ ಫೋನೇ ಬರುತ್ತದೆ. ದರ ಕೇಳಿದ ಗಿರಾಕಿ ಒಡೆದ ಗಾಜಿನ ಮೇಲೆ ಸೆಲ್ಲೋಟೇಪು ಹಚ್ಚಿಕೊಂಡು ಹಿಂದಿರುಗಿದ್ದನ್ನು ನೋಡಿದ್ದೇನೆ. ಅಗ್ಗದ ಫೋನಿನಲ್ಲಿ ಕಷ್ಟ ಬೇರೆ ಬಗೆಯದು. ಊರಿನಲ್ಲಿ ಹೆಚ್ಚು ಮಾರಾಟವಾದ ಮಾದರಿಯಾದರೆ ಬ್ಯಾಟರಿ, ಚಾರ್ಜಿಂಗ್ ಬೋರ್ಡು ಎಲ್ಲ ನನ್ನ ಡಬ್ಬಿಯಲ್ಲೇ ಇರುತ್ತದೆ. ಆನ್‌ಲೈನ್‌ನಲ್ಲಿ ಎರಡು ತಿಂಗಳು ಮಾರಿ ಮರೆತುಬಿಟ್ಟ ಮಾದರಿಯಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೆಲ್ಲ ಜಾಲಾಡಿದರೂ ಸಿಗುವುದಿಲ್ಲ. ಬ್ಯಾಟರಿ ಕೆಲವು ನೂರು ಚಾರ್ಜಿಗೆ ಸೊರಗುವುದು ಎರಡು ವರ್ಗದ ಫೋನಿಗೂ ಸಮಾನ ಧರ್ಮ. ಏಳು ವರ್ಷ ಅಪ್‌ಡೇಟು ಎನ್ನುವವರು ನಡುವೆ ಒಮ್ಮೆಯಾದರೂ ಬ್ಯಾಟರಿ ಹಾಕಿಸುವ ಖರ್ಚನ್ನು ಬರೆದಿಟ್ಟುಕೊಳ್ಳಲಿ.

ಅಮ್ಮನ ಫೋನನ್ನು ದಯವಿಟ್ಟು ಹಾಸನದಲ್ಲೇ ಕೊಳ್ಳಿ. ಅಮೆರಿಕದಿಂದ ತಂದ ಫೋನನ್ನು ನನ್ನ ಮೇಜಿನ ಮೇಲಿಟ್ಟಾಗ, ಒಳಗಿನ ಭಾಗ ಇಲ್ಲಿನದಕ್ಕೆ ಹೊಂದುತ್ತದೆಯೋ ಇಲ್ಲವೋ ಎಂದು ಬಿಚ್ಚುವ ತನಕ ನನಗೇ ಗೊತ್ತಿರುವುದಿಲ್ಲ.

ಉತ್ತರ 5: ಟೊರೊಂಟೊದಲ್ಲಿರುವ ಧಾರವಾಡದವಳು

ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಎಲ್ಲ ಫೋನುಗಳನ್ನೂ ಅನ್‌ಲಾಕ್ ಮಾಡಿಯೇ ಮಾರಬೇಕೆಂಬ ನಿಯಮವಿದೆ. ಬ್ರಿಟನ್ನಿನಲ್ಲೂ 2021ರ ಡಿಸೆಂಬರಿನಿಂದ ಬೀಗ ಹಾಕಿ ಮಾರುವಂತಿಲ್ಲ. ಆದರೆ ಅನ್‌ಲಾಕ್ ಆಗಿದ್ದ ಮಾತ್ರಕ್ಕೆ ಎಲ್ಲ ಕಡೆಯೂ ಕೆಲಸ ಮಾಡುತ್ತದೆ ಎಂಬ ನಂಬಿಕೆಯಿಂದ ನಾನು ಒಮ್ಮೆ ಮೋಸಹೋಗಿದ್ದೇನೆ. ಅಮೆರಿಕದಲ್ಲಿ ಓದುತ್ತಿದ್ದಾಗ ಊರಿನಿಂದ ಒಯ್ದಿದ್ದ ಫೋನಿನಲ್ಲಿ ಇಂಟರ್‌ನೆಟ್ ಸೊಗಸಾಗಿ ಓಡುತ್ತಿತ್ತು. 2022ರಲ್ಲಿ ಒಂದು ಬೆಳಿಗ್ಗೆ ಕರೆಗಳು ಮಾತ್ರ ನಿಂತುಹೋದವು. ಅದೇ ದಿನ ಮನೆ ಮಾಲೀಕರು ಮೂರು ಬಾರಿ ಕರೆ ಮಾಡಿದ್ದರಂತೆ. ಆ ವರ್ಷ ಅಲ್ಲಿನ ದೊಡ್ಡ ಜಾಲಗಳು 3ಜಿಯನ್ನು ಮುಚ್ಚಿದ್ದರಿಂದ ಮಾತು 4ಜಿಯ ಮೇಲೆ, ಅಂದರೆ ವೋಲ್ಟೆ ಮೂಲಕವೇ ಹೋಗಬೇಕಾಯಿತು. ನನ್ನ ಫೋನಿನಲ್ಲಿ ವೋಲ್ಟೆ ಇತ್ತಾದರೂ ಆ ಜಾಲ ಒಪ್ಪಿದ ಮಾದರಿಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಕೊಳ್ಳುವ ಮುನ್ನ ನಿಮ್ಮ ಕಂಪನಿಯ ಜಾಲತಾಣದಲ್ಲಿ ಆ ಪಟ್ಟಿಯನ್ನು ನೋಡಿ.

ಊರಿಗೆ ಒಯ್ಯುವುದಿದ್ದರೆ ಬ್ಯಾಂಡುಗಳನ್ನೂ, ಅಂದರೆ ಫೋನು ಹಿಡಿಯಬಲ್ಲ ರೇಡಿಯೋ ತರಂಗಗಳ ಪಟ್ಟಿಗಳನ್ನೂ, ನೋಡಬೇಕು. ಜಿಯೋದ 4ಜಿ ನಡೆಯುವುದು 3, 5 ಮತ್ತು 40ನೆಯ ಬ್ಯಾಂಡುಗಳಲ್ಲಿ. ಅಮೆರಿಕಕ್ಕೆಂದು ತಯಾರಾದ ಅಗ್ಗದ ಮಾದರಿಗಳಲ್ಲಿ 40 ಇಲ್ಲದಿರುವುದುಂಟು. ಅಮೆರಿಕದ ಐಫೋನುಗಳಲ್ಲಿ 14ನೆಯದರಿಂದ ಸಿಮ್ ಹಾಕುವ ಜಾಗವೇ ಇಲ್ಲ, ಇಸಿಮ್ ಮಾತ್ರ. ಫೋನು ಬದಲಿಸುವಾಗ ಸಿಮ್ಮನ್ನು ಪಿನ್ನಿನಿಂದ ತೆಗೆದು ಹಾಕುವುದು ಅಮ್ಮಂದಿರಿಗೆ ಗೊತ್ತು. ಕ್ಯುಆರ್ ಕೋಡು ಸ್ಕ್ಯಾನು ಮಾಡು ಎಂದರೆ ರಾತ್ರಿ ಹನ್ನೊಂದಕ್ಕೆ ನಿಮಗೇ ಕರೆ ಬರುತ್ತದೆ.

ಅಮೆರಿಕದಿಂದ ಒಯ್ಯುವುದರಲ್ಲಿ ಏನಾದರೂ ಲಾಭವಿದ್ದರೆ ಅದು ಅತಿ ದುಬಾರಿ ಫೋನಿನಲ್ಲಿ ಮಾತ್ರ. 2024ರಲ್ಲಿ ಐಫೋನ್ 16 ಪ್ರೋ ಅಲ್ಲಿ ತೆರಿಗೆ ಬಿಟ್ಟು 999 ಡಾಲರ್, ಆಗಿನ ದರದಲ್ಲಿ ಸುಮಾರು 84 ಸಾವಿರ ರೂಪಾಯಿ ಇದ್ದಾಗ, ಭಾರತದಲ್ಲಿ ಅದಕ್ಕೆ 1,19,900 ಇತ್ತು. ಕೋಲಾರದ ನರಸಾಪುರದಲ್ಲಿ ಐಫೋನುಗಳು ಜೋಡಣೆಯಾಗುತ್ತಿದ್ದರೂ ಕೋಲಾರದವರಿಗೆ ಅದು ಡಲ್ಲಾಸಿನವರಿಗಿಂತ ದುಬಾರಿ, ಏನು ಹೇಳೋಣ. ಹದಿನೈದು, ಇಪ್ಪತ್ತು ಸಾವಿರದ ವರ್ಗದಲ್ಲಿ ಮಾತ್ರ ಭಾರತದಲ್ಲಿ ಸಿಗುವಷ್ಟು ಆಯ್ಕೆ ಅಮೆರಿಕದಲ್ಲಿ ಇಲ್ಲ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. 1,700 ಡಾಲರಿನ ಲೆಕ್ಕವನ್ನು ನಾನೇ ಕಾಗದದ ಮೇಲೆ ಮತ್ತೊಮ್ಮೆ ಮಾಡಿ ನೋಡಿದೆ, ಸರಿಯಾಗಿದೆ. ನನಗೆ ಸದ್ಯ ಮಗುವೂ ಇಲ್ಲ, ನಾಲ್ಕು ನಂಬರುಗಳೂ ಇಲ್ಲ. ರಾತ್ರಿಯ ಆಟ ನೋಡುವ ಭಾಗ್ಯ ಡಲ್ಲಾಸ್‌ನಲ್ಲಿ ಮೊದಲೇ ಇಲ್ಲ. ನನ್ನ ಪ್ರೀಪೇಯ್ಡ್ ಕಂಪನಿಯ ಪಟ್ಟಿಯಲ್ಲಿ ಪಿಕ್ಸೆಲ್ 9ಎ ಹೆಸರಿರುವುದನ್ನು ನೋಡಿಕೊಂಡು, ಪೆಟ್ಟಿಗೆಯ ಮೇಲೆ ಅನ್‌ಲಾಕ್ಡ್ ಎಂದು ಅಚ್ಚಾಗಿರುವುದನ್ನೇ ನಿನ್ನೆ ಕೊಂಡೆ. ಇಲ್ಲಿನ ನಂಬರನ್ನು ಇಸಿಮ್ ಮಾಡಿಸಿ, ನೀರಿಗೆ ಬಿದ್ದ ಫೋನಿನಿಂದ ತೆಗೆದು ಒರೆಸಿಟ್ಟಿದ್ದ ಊರಿನ ಸಿಮ್ಮನ್ನು ಅದರ ಜಾಗದಲ್ಲಿ ಹಾಕಿದೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ವಾರದಿಂದ ತಡೆದಿದ್ದ ಬ್ಯಾಂಕಿನ ಸಂದೇಶಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ನಾಲ್ಕು ಅವಧಿ ಮುಗಿದ ಒಟಿಪಿಗಳು.

ಅಮ್ಮನ ಫೋನನ್ನು ಹಾಸನದಲ್ಲೇ ಕೊಳ್ಳುತ್ತೇನೆ. ಶಿವಮೊಗ್ಗದವರಲ್ಲಿ ಒಂದೇ ಕೇಳಿಕೆ: ಇಪ್ಪತ್ತು ಸಾವಿರದ ಒಳಗೆ ಬಿಡಿಭಾಗಗಳು ಸುಲಭವಾಗಿ ಸಿಗುವ, ಯುಎಫ್‌ಎಸ್ ಸ್ಟೋರೇಜಿರುವ ಮಾದರಿ ಈಗ ನಿಮ್ಮ ಡಬ್ಬಿಯ ಪ್ರಕಾರ ಯಾವುದೆಂದು ಡಿಸೆಂಬರಿನ ಮೊದಲ ವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.